ಲಾಯಕ್ಕೆ ಬರುವ ಅತಿಥಿಗಳಲ್ಲಿ ಹೆದರಬೇಕಾದ್ದು ಯಾರಿಗೆ?

ಅಮೆರಿಕದ ಕೆಂಟಕಿ ರಾಜ್ಯ ರೇಸ್ ಕುದುರೆಗಳಿಗೆ ಹೆಸರುವಾಸಿ. ಕೋಟಿಗಟ್ಟಲೆ ಬೆಲೆಯ ಕುದುರೆಗಳ ದೊಡ್ಡ ಫಾರ್ಮ್‌ಗಳ ನಡುವೆ, ನಾಲ್ಕೈದು ಕುದುರೆ ಸಾಕಿಕೊಂಡು ಮನೆಮಂದಿಯೇ ದುಡಿಯುವ ಸಣ್ಣ ಫಾರ್ಮ್‌ಗಳೂ ಅಲ್ಲಿ ಬೇಕಾದಷ್ಟಿವೆ. ಬೆಳಗಾದರೆ ಲದ್ದಿ ಬಾಚಬೇಕು, ನೀರಿನ ತೊಟ್ಟಿ ತಿಕ್ಕಬೇಕು, ಒಣಹುಲ್ಲು ಹಾಕಬೇಕು, ಒಂದೊಂದೇ ಕಾಲೆತ್ತಿ ಗೊರಸಿನಲ್ಲಿ ಸಿಕ್ಕಿಕೊಂಡ ಮಣ್ಣು, ಕಲ್ಲು ಕೆರೆದು ತೆಗೆಯಬೇಕು. ಮರದ ಬೇಲಿ ತಡೆಯುವುದು ಕುದುರೆಗಳನ್ನು ಮಾತ್ರ. ಜಿಂಕೆ ಅದನ್ನು ಹಾರಿ ಬರುತ್ತದೆ. ನರಿ, ರಕೂನ್, ಸ್ಕಂಕ್, ಒಪಾಸಮ್ ಅದರಡಿ ನುಸುಳಿ ಬರುತ್ತವೆ. ಯಾವ ಪ್ರಾಣಿ ಕೇಡು, ಯಾವುದು ಒಳ್ಳೆಯದು ಎಂಬ ಬಗ್ಗೆ ಪ್ರತಿ ಲಾಯದಲ್ಲೂ ಗಟ್ಟಿಯಾದ ನಂಬಿಕೆಗಳಿವೆ. ಅವುಗಳಲ್ಲಿ ಹಲವು ತಲೆಕೆಳಗಾಗಿವೆ.

ಒಪಾಸಮ್ ವಿಷಯವನ್ನೇ ನೋಡಿ. ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ಬೆಕ್ಕಿನಷ್ಟು ದೊಡ್ಡದಾದ ಈ ಪ್ರಾಣಿ ಸಾವಿರಾರು ಉಣ್ಣೆಗಳನ್ನು ತಿಂದು ಕುದುರೆಗಳನ್ನು ಕಾಪಾಡುತ್ತದೆ ಎಂಬುದು ಬಹಳ ಜನಪ್ರಿಯವಾದ ಮಾತು. ಇದರ ಮೂಲ 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಬೋನಿನಲ್ಲಿಟ್ಟ ಒಪಾಸಮ್‌ಗಳ ಮೈಮೇಲೆ ಉಣ್ಣೆಯ ಮರಿಗಳನ್ನು ಬಿಟ್ಟು, ಮತ್ತೆ ಸಿಗದೇ ಹೋದವೆಲ್ಲ ಅದರ ಹೊಟ್ಟೆ ಸೇರಿವೆ ಎಂದು ಲೆಕ್ಕ ಹಿಡಿಯಲಾಗಿತ್ತು. 2021ರಲ್ಲಿ ಇಲಿನಾಯ್ ರಾಜ್ಯದ 32 ಕಾಡು ಒಪಾಸಮ್‌ಗಳ ಹೊಟ್ಟೆಯನ್ನೇ ಸೀಳಿ ನೋಡಿದಾಗ ಒಂದೇ ಒಂದು ಉಣ್ಣೆ ಸಿಗಲಿಲ್ಲ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸಾರ್ಕೋಸಿಸ್ಟಿಸ್ ನ್ಯೂರೋನಾ ಎಂಬ ಪರಾವಲಂಬಿ ಜೀವಿಗೆ ಒಪಾಸಮ್‌ನ ಕರುಳೇ ತವರು. ರಸ್ತೆಬದಿ ಸತ್ತುಬಿದ್ದ ರಕೂನ್ ಅಥವಾ ಸ್ಕಂಕಿನ ಮಾಂಸ ತಿಂದಾಗ ಅದು ಒಪಾಸಮ್‌ನ ಹೊಟ್ಟೆ ಸೇರುತ್ತದೆ, ಹಿಕ್ಕೆಯಲ್ಲಿ ಹೊರಬರುತ್ತದೆ. ರಾತ್ರಿ ಓಟ್ಸ್ ಚೀಲದ ಮೇಲೆ ಹತ್ತಿ ಮೇದ ಒಪಾಸಮ್ ಅಲ್ಲೇ ಹಿಕ್ಕೆ ಹಾಕಿ ಹೋದರೆ ಬೆಳಿಗ್ಗೆ ಅದು ಕುದುರೆಯ ಗೋದಲಿಗೆ ಬೀಳುತ್ತದೆ. ಸೋಂಕು ತಗಲಿದ ಕುದುರೆಗಳಲ್ಲಿ ಬಹುಪಾಲಿಗೆ ಏನೂ ಆಗುವುದಿಲ್ಲ. ಕೆಲವಕ್ಕೆ ಮಾತ್ರ ಬೆನ್ನುಹುರಿಗೆ ಏಟು ಬೀಳುತ್ತದೆ: ನಡೆಯುವಾಗ ಹಿಂಗಾಲು ತಡವರಿಸುತ್ತದೆ, ತೊಡೆಯ ಸ್ನಾಯು ಒಂದೇ ಪಕ್ಕಕ್ಕೆ ಕರಗಿ ಗುಳಿ ಬೀಳುತ್ತದೆ. ಹೀಗಾದ ಕುದುರೆಯನ್ನು ಮಿಕ್ಕವುಗಳಿಂದ ದೂರ ಕಟ್ಟುವವರಿದ್ದಾರೆ. ಅದರ ಅಗತ್ಯವೇ ಇಲ್ಲ, ಇದು ಕುದುರೆಯಿಂದ ಕುದುರೆಗೆ ಹರಡುವ ರೋಗವಲ್ಲ. ಒಪಾಸಮ್‌ಗೆ ಗುಂಡು ಹೊಡೆಯುವುದೂ ಪರಿಹಾರವಲ್ಲ. ಕಾಳು ತೆರೆದಿರುವವರೆಗೆ ಇನ್ನೊಂದು ಬಂದೇ ಬರುತ್ತದೆ. ಬಿಗಿ ಮುಚ್ಚಳದ ತಗಡಿನ ಡ್ರಮ್ಮಿನಲ್ಲಿ ಕಾಳು ತುಂಬಿಡುವುದು, ಬೆಕ್ಕಿನ ತಟ್ಟೆಯನ್ನು ಸಂಜೆಯೇ ಎತ್ತಿಡುವುದು, ಇವೇ ನಿಜವಾದ ಕಾವಲು.

ಹಾವಿನ ಬಗೆಗಿನ ಒಂದು ನಂಬಿಕೆಗೆ ಕನ್ನಡಿಗರೂ ತಲೆದೂಗುತ್ತಾರೆ. ಕೊಟ್ಟಿಗೆಗೆ ಬರುವ ಹಾವು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಹೀರುತ್ತದೆ ಎಂದು ಅಮೆರಿಕದ ಹಳ್ಳಿಗರು ನಂಬಿದ್ದರು. ನಮ್ಮ ಕೇರೆ ಹಾವಿನ ಮೇಲೂ ಇದೇ ಆರೋಪವಿದೆ. ಹೀರಲು ಬೇಕಾದ ತುಟಿಯೂ ಕೆನ್ನೆಯೂ ಹಾವಿಗಿಲ್ಲ, ಇರುವುದು ಹಿಂದಕ್ಕೆ ಬಾಗಿದ ಚೂಪು ಹಲ್ಲು. ಅದು ಬರುವುದು ಇಲಿಗಾಗಿ.

ವಿಷದ ಹಾವಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಹಾವಿನ ವಿಷಕ್ಕೆ ಮದ್ದನ್ನು ಕುದುರೆಯಿಂದಲೇ ತಯಾರಿಸುತ್ತಾರಲ್ಲ, ಹಾಗಾಗಿ ಕುದುರೆಗೆ ವಿಷ ಏರುವುದಿಲ್ಲ ಎಂಬುದು. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಭಾರತದಲ್ಲಿ ಸಿಗುವ ಮದ್ದು ಕುದುರೆಯ ರಕ್ತದಿಂದ ಬರುವುದು ನಿಜ. ಆದರೆ ಆ ಕುದುರೆಗಳಿಗೆ ಮೊದಲು ತೀರಾ ಅಲ್ಪ ಪ್ರಮಾಣದ ವಿಷ ಚುಚ್ಚಿ, ಮೆಲ್ಲಮೆಲ್ಲನೆ ಏರಿಸಿ, ಪ್ರತಿಕಾಯ ಹುಟ್ಟುವಂತೆ ಮಾಡಿರುತ್ತಾರೆ. ಹುಟ್ಟಿನಿಂದ ಬಂದ ರಕ್ಷಣೆ ಅದಲ್ಲ. ಮೇಯುವ ಕುದುರೆ ಕುತೂಹಲಕ್ಕೆ ಮೂತಿ ಚಾಚಿ ಮೂಸುವುದರಿಂದ ಕಡಿತ ಹೆಚ್ಚಾಗಿ ಬೀಳುವುದು ಮೂಗಿನ ಮೇಲೆ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ಬಾಯಿಯಿಂದ ಅದಕ್ಕೆ ಆಗದು. ಮೂತಿ ಊದಿ ಹೊಳ್ಳೆ ಮುಚ್ಚಿದರೆ ವಿಷಕ್ಕಿಂತ ಮೊದಲು ಉಸಿರುಕಟ್ಟಿಯೇ ಸಾಯಬಹುದು.

ಕೆಂಟಕಿಯನ್ನು ನಿಜವಾಗಿ ನಡುಗಿಸಿದ ಅತಿಥಿ ಮಾತ್ರ ಇವರಾರೂ ಅಲ್ಲ. 2001ರ ವಸಂತದಲ್ಲಿ ಅಲ್ಲಿನ ಹೆಣ್ಣು ಕುದುರೆಗಳ ಗರ್ಭಗಳು ಸಾಲುಸಾಲಾಗಿ ಹೋಗತೊಡಗಿದವು. ಹುಲ್ಲಿಗೆ ಬೂಷ್ಟು ಹಿಡಿದಿದೆ ಎಂದರು ಕೆಲವರು. ಕಾಡು ಚೆರ್ರಿ ಎಲೆಯ ಸಯನೈಡ್ ಕಾರಣ ಎಂದರು ಹಲವರು. ಚೆರ್ರಿ ಮರಗಳನ್ನು ಕಡಿದುಹಾಕಿದವರೂ ಇದ್ದರು. ಕಾರಣ ಆ ಮರಗಳಲ್ಲೇ ಬಲೆ ಕಟ್ಟಿಕೊಂಡು ಎಲೆ ತಿನ್ನುತ್ತಿದ್ದ ಟೆಂಟ್ ಕಂಬಳಿಹುಳು. ಬೆಳೆದ ಹುಳುಗಳು ಕೋಶ ಕಟ್ಟಲು ಜಾಗ ಹುಡುಕುತ್ತ ಬೇಲಿ, ಹುಲ್ಲು, ನೀರಿನ ತೊಟ್ಟಿಯೆನ್ನದೆ ಹರಿದಾಡಿದ್ದವು. ಕುದುರೆಗಳು ಹುಲ್ಲಿನೊಂದಿಗೆ ಅವನ್ನೂ ಮೇದಿದ್ದವು. ಮುಂದೆ ಗಬ್ಬದ ಕುದುರೆಗಳಿಗೆ ಈ ಹುಳು ತಿನ್ನಿಸಿ ನೋಡಿದ ಪ್ರಯೋಗಗಳಲ್ಲೂ ಗರ್ಭ ಹೋದದ್ದು ಸಾಬೀತಾಯಿತು. ಹುಳುವಿನ ಮುಳ್ಳುಗೂದಲು ಕರುಳಿಗೆ ಚುಚ್ಚಿ, ಬ್ಯಾಕ್ಟೀರಿಯಾ ರಕ್ತ ಸೇರಲು ದಾರಿ ಮಾಡುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಜಿಂಕೆ, ನರಿಗಳನ್ನು ಓಡಿಸುತ್ತ ಕೂತಿದ್ದವರಿಗೆ ಹುಳು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬಂದಿರಲಿಲ್ಲ.

ಲಾಯದ ತೊಲೆಗೆ ಮಣ್ಣಿನ ಗೂಡು ಮೆತ್ತುವ ಬಾರ್ನ್ ಸ್ವಾಲೋ ಎಂಬ ಕವಲು ಬಾಲದ ಹಕ್ಕಿ ಕೊಳಕು, ರೋಗ ತರುತ್ತದೆ ಎಂದು ಗೂಡು ಕೆಡವುವವರಿದ್ದಾರೆ. ಆ ಹಕ್ಕಿ ದಿನವಿಡೀ ನೊಣ, ಸೊಳ್ಳೆಗಳನ್ನು ಹಾರುತ್ತಲೇ ಹಿಡಿದು ತಿನ್ನುತ್ತದೆ. ಮೊಟ್ಟೆ, ಮರಿಯಿರುವ ಗೂಡು ಕೆಡವುವುದು ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆಯಡಿ ಅಪರಾಧವೂ ಹೌದು. ಗೂಡಿನಡಿ ಒಂದು ಹಲಗೆ ಹೊಡೆದರೆ ಹಿಕ್ಕೆ ಗೋದಲಿಗೆ ಬೀಳುವುದಿಲ್ಲ.

ಕೊನೆಯದಾಗಿ ರೇಬಿಸ್. ಅದು ನಾಯಿ ಕಡಿತದ ರೋಗ, ಕುದುರೆಗೆ ಬಾರದು ಎಂಬ ನಂಬಿಕೆ ಜೀವಕ್ಕೇ ಎರವಾಗುವಂಥದ್ದು. ಕೆಂಟಕಿಯಲ್ಲಿ ಅದನ್ನು ಹೊತ್ತು ತಿರುಗುವುದು ಸ್ಕಂಕ್ ಮತ್ತು ಬಾವಲಿಗಳು. ರೋಗ ತಗಲಿದ ಕುದುರೆ ರೊಚ್ಚಿಗೇಳಲೇಬೇಕೆಂದಿಲ್ಲ. ಹೊಟ್ಟೆಶೂಲೆಯಂತೆ, ಕುಂಟಿನಂತೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕಾಣಿಸಬಹುದು. ಏನು ಸಿಕ್ಕಿದೆಯೋ ನೋಡೋಣ ಎಂದು ಬರಿಗೈಯನ್ನು ಬಾಯೊಳಗೆ ಹಾಕುವವರಿಗೇ ಅಪಾಯ ಹೆಚ್ಚು. ಆದ್ದರಿಂದಲೇ ಅಮೆರಿಕದ ಕುದುರೆ ವೈದ್ಯರು ಧನುರ್ವಾಯು, ವೆಸ್ಟ್ ನೈಲ್ ಲಸಿಕೆಗಳ ಜೊತೆಗೆ ರೇಬಿಸ್ ಲಸಿಕೆಯನ್ನೂ ಪ್ರತಿ ಕುದುರೆಗೂ ವರ್ಷಕ್ಕೊಮ್ಮೆ ಹಾಕಿಸಿ ಎನ್ನುತ್ತಾರೆ.