ಬ್ಯಾಟರಿ ಬದಲಿಸುವ ಮುನ್ನ: ದ್ವಿಚಕ್ರ ವಾಹನಗಳ ಚಾರ್ಜಿಂಗ್ ದೋಷ ಪತ್ತೆ

ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಂತಹ ಗ್ರಾಮಗಳಲ್ಲಿ ಸಣ್ಣ ವರ್ತಕರ ವಹಿವಾಟು ಬಹುಮಟ್ಟಿಗೆ ಮೋಟಾರ್ ಸೈಕಲ್ಲನ್ನು ಅವಲಂಬಿಸಿದೆ. ಕಿರಾಣಿ ಸರಕು, ಹಾಲಿನ ಕ್ಯಾನು, ಗೊಬ್ಬರದ ಚೀಲ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲವೂ ಅದರ ಮೇಲೆಯೇ ಸಾಗಬೇಕು. ಬೆಳಿಗ್ಗೆ ಸೆಲ್ಫ್ ಗುಂಡಿ ಒತ್ತಿದಾಗ ಎಂಜಿನ್ ತಿರುಗದಿದ್ದರೆ ಆ ದಿನದ ಸಂತೆಯೇ ತಪ್ಪುತ್ತದೆ.

ಇಂತಹ ಸಂದರ್ಭದಲ್ಲಿ ಮೊದಲು ದೂಷಣೆಗೆ ಗುರಿಯಾಗುವುದು ಬ್ಯಾಟರಿ. ಹೊಸದನ್ನು ಕೂರಿಸಲಾಗುತ್ತದೆ, ಕೆಲವೇ ವಾರಗಳಲ್ಲಿ ಅದೂ ಸೋಲುತ್ತದೆ. ವಾಹನದ ಚಾರ್ಜಿಂಗ್ ದೋಷದಿಂದ ಕೆಟ್ಟ ಬ್ಯಾಟರಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಗ್ರಾಹಕನಿಗೆ ಹಣದ ನಷ್ಟ, ಮಾರಿದ ಅಂಗಡಿಗೆ ಹೆಸರಿನ ನಷ್ಟ. ಈ ಎರಡನ್ನೂ ತಪ್ಪಿಸಲು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.

ಬದಲಾದ ವಾಹನ, ಬದಲಾದ ಅಗತ್ಯ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ ವಾಹನಗಳಲ್ಲಿ 6 ವೋಲ್ಟ್ ವ್ಯವಸ್ಥೆಯಿತ್ತು. ಬ್ಯಾಟರಿ ಸೊರಗಿದರೆ ತಳ್ಳಿಯಾದರೂ ಹೊರಡಿಸಬಹುದೆಂಬ ಧೈರ್ಯ ಸವಾರರಿಗಿತ್ತು. ಈಗಿನ 12 ವೋಲ್ಟ್ ವಾಹನಗಳ ಸ್ಥಿತಿ ಬೇರೆ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಮುಂದೀಪ ತಾನಾಗಿ ಉರಿಯುವುದು ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ಮೇಲೆ ಬಹುತೇಕ ಮೋಟಾರ್ ಸೈಕಲ್ಲುಗಳಿಗೆ ಇಂಧನ ಇಂಜೆಕ್ಷನ್ ಬಂದಿತು. ಇಂಧನ ಪಂಪು ಮತ್ತು ನಿಯಂತ್ರಣ ಘಟಕ ಎರಡಕ್ಕೂ ಸ್ಥಿರವಾದ ವಿದ್ಯುತ್ ಬೇಕು. ಹಲವು ಮಾದರಿಗಳಲ್ಲಿ ಕಿಕ್ ಕೂಡ ಇಲ್ಲ.

ಪರೀಕ್ಷೆಯ ಕ್ರಮ

ಮೊದಲನೆಯದು ಕಣ್ಣಿನ ಪರೀಕ್ಷೆ. ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದೆಯೇ, ಅರ್ಥಿಂಗ್ ತಂತಿ ಚಾಸಿಗೆ ಬಿಗಿಯಾಗಿದೆಯೇ, ಫ್ಯೂಸ್ ಸರಿಯಿದೆಯೇ ಎಂದು ನೋಡಬೇಕು. ನೀರು ಹಾಕುವ ಬ್ಯಾಟರಿಯಾದರೆ ಮಟ್ಟವನ್ನು ಗಮನಿಸಿ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಬೇಕು. ಆಸಿಡ್ ಅಥವಾ ಬೋರ್‌ವೆಲ್ ನೀರು ಸಲ್ಲದು.

ಎರಡನೆಯದು ವಿಶ್ರಾಂತ ವೋಲ್ಟೇಜ್. ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳ ನಂತರ ಅಳೆದಾಗ 12.6ರಿಂದ 12.8 ವೋಲ್ಟ್ ಬಂದರೆ ಬ್ಯಾಟರಿ ತುಂಬಿದೆ, 12.2ರ ಸುಮಾರಿದ್ದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಖಾಲಿ. ಖಾಲಿಯಾದ ಬ್ಯಾಟರಿಯನ್ನು ಕೆಟ್ಟದ್ದೆಂದು ತೀರ್ಮಾನಿಸಬಾರದು. ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟಿನಲ್ಲಿ, ಅಂದರೆ 5 ಆಂಪಿಯರ್-ಗಂಟೆಯದಾದರೆ ಅರ್ಧ ಆಂಪಿಯರ್‌ನಲ್ಲಿ, ಪೂರ್ತಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಬೇಕು. ಚಾರ್ಜ್ ಆಗುವಾಗ ಜಲಜನಕ ಹೊರಬರುವುದರಿಂದ ಗಾಳಿಯಾಡುವ ಜಾಗವಿರಲಿ. ಬೀಡಿ, ಕಿಡಿ ಹತ್ತಿರ ಸುಳಿಯದಿರಲಿ.

ಮೂರನೆಯದು ಭಾರದ ಪರೀಕ್ಷೆ. ತುಂಬಿದ ಬ್ಯಾಟರಿಯಲ್ಲಿ ಸೆಲ್ಫ್ ಒತ್ತಿದಾಗ ವೋಲ್ಟೇಜ್ ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯೇ ದುರ್ಬಲ. ಕುಸಿಯದಿದ್ದೂ ಎಂಜಿನ್ ತಿರುಗದಿದ್ದರೆ ರಿಲೇ, ತಂತಿ ಅಥವಾ ಸ್ಟಾರ್ಟರ್ ಮೋಟಾರಿನ ಕಡೆಗೆ ಗಮನ ಹರಿಸಬೇಕು.

ನಾಲ್ಕನೆಯದು ಚಾರ್ಜಿಂಗ್ ಪರೀಕ್ಷೆ. ಎಂಜಿನ್ ವೇಗ ಹೆಚ್ಚಿಸಿದಾಗ ಟರ್ಮಿನಲ್‌ಗಳ ನಡುವೆ ಸುಮಾರು 13.5ರಿಂದ 14.8 ವೋಲ್ಟ್ ಬರಬೇಕು. 15 ದಾಟಿದರೆ ಮೆಕ್ಯಾನಿಕರು ಆರ್.ಆರ್. ಯೂನಿಟ್ ಎನ್ನುವ ರೆಗ್ಯುಲೇಟರ್-ರೆಕ್ಟಿಫೈಯರ್ ಮೇಲೆ ಸಂಶಯಪಡಬೇಕು. ಅದು ಬ್ಯಾಟರಿಯ ನೀರನ್ನು ಕುದಿಸಿ ಒಣಗಿಸುತ್ತದೆ. ಈ ವಾಹನಕ್ಕೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೂ ಹಾಳಾಗುತ್ತವೆ. ವೋಲ್ಟೇಜ್ ಏರದಿದ್ದರೆ ಜೋಡಣೆಯ ಕನೆಕ್ಟರ್ ಸುಟ್ಟಿದೆಯೇ ಎಂದು ನೋಡಿ, ಬಳಿಕ ಮ್ಯಾಗ್ನೆಟ್ ಕಾಯಿಲ್ ಪರೀಕ್ಷಿಸಬೇಕು. ಮೂರು ತಂತಿಯ ವ್ಯವಸ್ಥೆಯಲ್ಲಿ ಪ್ರತಿ ಜೋಡಿ ತಂತಿಯ ರೋಧ ಸಮನಾಗಿರಬೇಕು, ಯಾವ ತಂತಿಗೂ ಬಾಡಿಯೊಂದಿಗೆ ಸಂಪರ್ಕವಿರಬಾರದು. ಕೆಲವು ಸಣ್ಣ ವಾಹನಗಳಲ್ಲಿ ಕಾಯಿಲಿನ ಒಂದು ತುದಿಯನ್ನು ಬಾಡಿಗೇ ಜೋಡಿಸಿರುವುದರಿಂದ ಆಯಾ ಮಾದರಿಯ ಕೈಪಿಡಿಯನ್ನು ನೋಡಿಯೇ ತೀರ್ಮಾನಿಸುವುದು ಒಳಿತು.

ಐದನೆಯದು ಸೋರಿಕೆ. ಕೀಲಿ ಬಂದ್ ಮಾಡಿ, ಋಣ ತಂತಿ ಬಿಚ್ಚಿ, ನಡುವೆ ಆಂಪಿಯರ್ ಮಾಪಕವಿಟ್ಟರೆ ಕೆಲವೇ ಮಿಲಿಆಂಪಿಯರ್ ಕಾಣಬೇಕು. ಮಾಪಕವಿರುವಾಗ ಕೀಲಿ ತಿರುಗಿಸಬಾರದು. 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್-ಗಂಟೆ ವ್ಯರ್ಥ. 5 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕೇ ದಿನಗಳಲ್ಲಿ ಬರಿದಾಗುತ್ತದೆ. ನಂತರ ಜೋಡಿಸಿದ ಹೆಚ್ಚುವರಿ ದೀಪ, ಹಾರ್ನುಗಳೇ ಇದಕ್ಕೆ ಅನೇಕ ವೇಳೆ ಕಾರಣ.

ಬಿಸಿಲಿನ ಪಾಲು

ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ರೂಢಿಯ ಲೆಕ್ಕ. ನೆರಳಿನಲ್ಲಿ ನಿಲ್ಲಿಸುವುದು, ಬೇಸಿಗೆಯಲ್ಲಿ ನೀರಿನ ಮಟ್ಟವನ್ನು ಪದೇ ಪದೇ ನೋಡುವುದು ಖರ್ಚಿಲ್ಲದ ಉಪಾಯಗಳು. ಅಂಗಡಿಯಿಂದ ಅಂಗಡಿಗೆ ಅಲ್ಪ ದೂರ ಓಡಾಡುವ ವರ್ತಕರ ವಾಹನ ಪದೇ ಪದೇ ಸೆಲ್ಫ್‌ಗೆ ಖರ್ಚಾದ ವಿದ್ಯುತ್ತನ್ನು ಮರಳಿ ತುಂಬಿಕೊಳ್ಳಲು ಅವಕಾಶ ಪಡೆಯುವುದಿಲ್ಲ. ಕಿಕ್ ಇದ್ದಲ್ಲಿ ಅದನ್ನೇ ಬಳಸುವುದು ಲೇಸು.

ವರ್ತಕರಿಗೆ ಎರಡು ಮಾತು

ಬ್ಯಾಟರಿ ಮಾರುವ ಅಂಗಡಿಗಳು ಪ್ರತಿ ಮಾರಾಟದೊಂದಿಗೆ ಬಿಲ್ಲಿನ ಹಿಂಬದಿಯಲ್ಲಿ ವಿಶ್ರಾಂತ ವೋಲ್ಟೇಜ್, ಚಾರ್ಜಿಂಗ್ ವೋಲ್ಟೇಜ್ ಮತ್ತು ಸೋರಿಕೆ ಎಂಬ ಮೂರು ಅಂಕಿಗಳನ್ನು ದಿನಾಂಕ ಸಹಿತ ಬರೆದುಕೊಡುವ ಪದ್ಧತಿ ಇಟ್ಟುಕೊಳ್ಳಬಹುದು. ಮುಂದೆ ತಕರಾರು ಬಂದಾಗ ದೋಷ ಎಲ್ಲಿದೆ ಎಂಬುದಕ್ಕೆ ಅದೇ ಆಧಾರವಾಗುತ್ತದೆ.

ಹಳೆಯ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವುದು, ಆಮ್ಲವನ್ನು ಚರಂಡಿಗೆ ಸುರಿಯುವುದು ಮಕ್ಕಳ ಆರೋಗ್ಯಕ್ಕೂ ಮಣ್ಣಿಗೂ ಮಾರಕ. 2001ರ ನಿಯಮಗಳ ಸ್ಥಾನದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಕೆದಾರರು ಹಳೆಯ ಬ್ಯಾಟರಿಯನ್ನು ಇತರ ಕಸದಿಂದ ಬೇರ್ಪಡಿಸಿ ಸಂಗ್ರಹಣೆ ಅಥವಾ ಮರುಬಳಕೆಯ ಸಂಸ್ಥೆಗಳಿಗೆ ಸೇರಿಸಬೇಕು. ಹೊಸದಕ್ಕೆ ಬದಲಾಗಿ ಹಳೆಯದನ್ನು ಕೊಳ್ಳುವ ರೂಢಿ ಇದಕ್ಕೆ ಅನುಕೂಲಕರವಾಗಿದೆ.

ಪರೀಕ್ಷಿಸಿದ ಮೇಲೆ ಬ್ಯಾಟರಿ ಬೇಡವೆಂದು ತಿಳಿದರೆ ಅಂಗಡಿಯವನಿಗೆ ಅಂದಿನ ಒಂದು ಮಾರಾಟ ತಪ್ಪಬಹುದು. ಆದರೆ ನಾಲ್ಕು ರೂಪಾಯಿಯ ಫ್ಯೂಸ್ ಹಾಕಿ ಗ್ರಾಹಕನನ್ನು ಸಂತೆಗೆ ಕಳುಹಿಸಿದ ಅಂಗಡಿಗೆ ಆತ ಮತ್ತೆ ಬರುತ್ತಾನೆ.