ವಿಶ್ರಾಂತರು ನೆಲೆಸತಕ್ಕ ಊರು ಯಾವುದು?

ಚಾಕರಿಯಿಂದ ಬಿಡುಗಡೆ ಹೊಂದಿದ ಗೃಹಸ್ಥನ ಮುಂದೆ ಈಗ ಎದ್ದು ನಿಂತಿರುವ ಮೊದಲ ಪ್ರಶ್ನೆಯು, ಉಳಿದ ಆಯುಷ್ಯವನ್ನು ಯಾವ ಊರಿನಲ್ಲಿ ಕಳೆಯಬೇಕೆಂಬುದು. ಹಿಂದೆ ಈ ಪ್ರಶ್ನೆಗೆ ಉತ್ತರವು ಸುಲಭವಾಗಿತ್ತು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ, ತಂಪಾದ ಹವೆಯಲ್ಲಿ, ಮರಗಳ ನೆರಳಿನಲ್ಲಿದ್ದ ಬೆಂಗಳೂರನ್ನು ವಿಶ್ರಾಂತಿ ವೇತನದಾರರ ಸ್ವರ್ಗವೆಂದೇ ಜನರು ಕರೆಯುತ್ತಿದ್ದರು. ಆ ಹೆಸರು ಇಂದು ಬಾಯಿಮಾತಿಗೆ ಮಾತ್ರ ಉಳಿದಿದೆ. 2011ರ ಜನಗಣತಿಯ ಹೊತ್ತಿಗೇ ಆ ನಗರದ ಜನಸಂಖ್ಯೆಯು 84 ಲಕ್ಷವನ್ನು ಮುಟ್ಟಿತ್ತು. 2024ರ ಬೇಸಿಗೆಯಲ್ಲಿ ಅಲ್ಲಿಯ ಕೊಳವೆಬಾವಿಗಳು ಬತ್ತಿ, ಲಕ್ಷಾಂತರ ರೂಪಾಯಿ ಕೊಟ್ಟು ಮನೆ ಕೊಂಡವರೂ ನೀರಿನ ಟ್ಯಾಂಕರಿನ ದಾರಿ ಕಾಯಬೇಕಾಯಿತು. ಬಾಡಿಗೆ, ಔಷಧ, ಆಳುಕಾಳುಗಳ ಸಂಬಳ ಇವೆಲ್ಲ ಏರುತ್ತಿರುವಾಗ ಗೊತ್ತಾದ ವಿಶ್ರಾಂತಿ ವೇತನದಲ್ಲಿ ಅಲ್ಲಿ ದಿನ ನೂಕುವುದು ಮಧ್ಯಮ ವರ್ಗದವರಿಗೆ ದುಸ್ತರವಾಗಿದೆ. ಆದುದರಿಂದಲೇ, "ಯಾವುದಾದರೂ ಸಣ್ಣ ಊರಿಗೆ ಹೋಗಿ ನೆಮ್ಮದಿಯಾಗಿರೋಣ" ಎಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ.

ಈ ಆಲೋಚನೆಯು ಸ್ತುತ್ಯವಾದುದೇ. ಆದರೆ ಊರನ್ನು ಆರಿಸುವ ರೀತಿಯಲ್ಲಿ ನಮ್ಮವರು ತೋರುವ ಅವಸರವು ವಿಚಾರಣೀಯವಾಗಿದೆ. ಡಿಸೆಂಬರ್ ತಿಂಗಳಿನಲ್ಲಿ ಮದುವೆಗೋ ಜಾತ್ರೆಗೋ ಒಂದು ಊರಿಗೆ ಹೋಗುವುದು, ಮುಂಜಾನೆಯ ಮಂಜನ್ನೂ ಹಸುರು ಗುಡ್ಡವನ್ನೂ ನೋಡಿ ಮರುಳಾಗುವುದು, ನಿವೇಶನದ ಬೆಲೆಯನ್ನು ಬೆಂಗಳೂರಿನ ಬೆಲೆಯೊಡನೆ ಹೋಲಿಸಿ ಹಿಗ್ಗುವುದು, ಮರುತಿಂಗಳೇ ಮುಂಗಡ ಕೊಟ್ಟುಬಿಡುವುದು; ಇದು ಈಗ ನಡೆದಿರುವ ಪದ್ಧತಿ. ಸೇವೆಯಲ್ಲಿದ್ದಾಗ ಊರು ಒಗ್ಗದಿದ್ದರೆ ವರ್ಗ ಮಾಡಿಸಿಕೊಳ್ಳಬಹುದಾಗಿತ್ತು. ಅರವತ್ತರ ಮೇಲೆ, ಉಳಿತಾಯದ ಹಣವನ್ನೆಲ್ಲ ಗೋಡೆಗೂ ಮಾಡಿಗೂ ಸುರಿದ ಮೇಲೆ, ವರ್ಗಾವಣೆಯ ಅರ್ಜಿಯನ್ನು ಯಾರಿಗೆ ಕೊಡಬೇಕು? ನಮ್ಮ ಅಭಿಪ್ರಾಯದಲ್ಲಿ ಅಗ್ಗದ ಊರೆಂದರೆ ಮನೆಯನ್ನು ಅಗ್ಗವಾಗಿ ಮಾರುವ ಊರಲ್ಲ. ಬಿಸಿಲು, ಮಳೆ, ಕಾಯಿಲೆ ಈ ಮೂರೂ ಬಂದಾಗ ನಿವಾಸಿಯನ್ನು ಸಾಲಕ್ಕೆ ತಳ್ಳದ ಊರೇ ನಿಜವಾಗಿ ಅಗ್ಗದ ಊರು. ಈ ಅಳತೆಗೋಲಿನಿಂದ ನಮ್ಮ ನಾಡಿನ ಕೆಲವು ಊರುಗಳನ್ನು ಪರೀಕ್ಷಿಸಿ ನೋಡುವುದು ವಾಚಕರಿಗೆ ಉಪಯುಕ್ತವಾದೀತು.

ಹವೆ

ನಮ್ಮದು ಉಷ್ಣ ದೇಶ. ಆದರೆ ಉಷ್ಣವು ಎಲ್ಲ ಕಡೆಯಲ್ಲಿಯೂ ಒಂದೇ ಬಗೆಯದಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವುದು ಅಪೂರ್ವವಲ್ಲ. ಅಲ್ಲಿಯದು ಒಣ ಬಿಸಿಲು. ಹಗಲು ಮನೆಯೊಳಗಿದ್ದರೆ ಸಂಜೆಗೆ ಗಾಳಿಯಾಡುತ್ತದೆ. ಕಾರವಾರ, ಕುಮಟಾ, ಕುಂದಾಪುರಗಳಲ್ಲಿ ಉಷ್ಣಮಾಪಕವು ಅಷ್ಟು ಏರದಿದ್ದರೂ ಗಾಳಿಯ ತೇವದಿಂದ ಬೆವರು ಆರುವುದೇ ಇಲ್ಲ. ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಕಷ್ಟವಲ್ಲ. ಮೈಸೂರು ಸೀಮೆಯ ವೃದ್ಧರಿಗೆ, ಅದರಲ್ಲಿಯೂ ಹೃದ್ರೋಗವಿದ್ದವರಿಗೆ, ಇದು ದೊಡ್ಡ ಪರೀಕ್ಷೆಯೇ ಸರಿ.

ಮಲೆನಾಡಿನ ಬೇಸಿಗೆಯು ಸಹ್ಯವಾದುದು; ಅಲ್ಲಿಯ ಪರೀಕ್ಷೆ ಮಳೆಗಾಲದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. ಸಾಗರ, ಸಿರ್ಸಿಗಳಲ್ಲಿ ಅಷ್ಟಿಲ್ಲದಿದ್ದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದು, ಗೋಡೆಗೆ ಪಾಚಿ ಹಿಡಿಯುವುದು, ಮರ ಬಿದ್ದು ವಿದ್ಯುತ್ತು ದಿನಗಟ್ಟಲೆ ನಿಲ್ಲುವುದು. ಸಂಧಿವಾತ, ದಮ್ಮು ಇರುವವರು ಇದನ್ನು ಮರೆಯಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಮಾರುಗಳು ಮಣ್ಣುಪಾಲಾದುದನ್ನೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆಯೇ ಜರಿದುದನ್ನೂ ನಾವೆಲ್ಲರೂ ಕಂಡಿದ್ದೇವೆ. ಗುಡ್ಡವನ್ನು ಕಡಿದು ಸಮತಟ್ಟು ಮಾಡಿದ ನಿವೇಶನವು ಎಷ್ಟೇ ಅಗ್ಗವಾದರೂ ಅದು ತುಟ್ಟಿಯೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನಿಂದ ಹರಡತಕ್ಕದ್ದು. ಕಾಡಿನ ಅಂಚಿನಲ್ಲಿ ಮನೆ ಕಟ್ಟಬಯಸುವವರು ಅದನ್ನೂ ವಿಚಾರಿಸಿಕೊಳ್ಳಬೇಕು.

ಇವೆರಡರ ನಡುವೆ, ಬಯಲೂ ಅಲ್ಲದ ಪೂರ್ತಿ ಮಲೆನಾಡೂ ಅಲ್ಲದ ಸೆರಗಿನ ಊರುಗಳು ಕೆಲವಿವೆ. ಬೆಂಗಳೂರಿನಷ್ಟೇ ಎತ್ತರದಲ್ಲಿರುವ ಹಾಸನ, ಬೆಟ್ಟದ ತಪ್ಪಲಿನ ಚಿಕ್ಕಮಗಳೂರು, ಮಳೆಗಾಲದಲ್ಲಿ ಮಲೆನಾಡಿನ ಗಾಳಿಯನ್ನು ಪಡೆಯುವ ಧಾರವಾಡ ಇವು ವೃದ್ಧಾಪ್ಯಕ್ಕೆ ಹೆಚ್ಚು ಒಗ್ಗತಕ್ಕವು. ಹೇಗಿದ್ದರೂ ಒಂದು ನಿಯಮವನ್ನು ಎಲ್ಲರೂ ಪಾಲಿಸುವುದು ಲೇಸು: ಮೇ ತಿಂಗಳಿನಲ್ಲಿ ಒಂದು ವಾರ, ಜುಲೈ ತಿಂಗಳಿನಲ್ಲಿ ಒಂದು ವಾರ ಆ ಊರಿನಲ್ಲಿ ತಂಗದೆ ಮುಂಗಡವನ್ನು ಕೊಡಕೂಡದು.

ನೀರು

ಮಳೆ ಹೆಚ್ಚಿರುವಲ್ಲಿ ನೀರಿಗೆ ಕೊರತೆಯಿರದೆಂದು ಬಯಲುಸೀಮೆಯವರು ಭಾವಿಸುವರು. ಇದು ಭ್ರಮೆ. ಇಳಿಜಾರಿನ ನೆಲದ ಮೇಲೆ ಬಿದ್ದ ನೀರು ಹರಿದುಹೋಗುವುದರಿಂದ, ಆಷಾಢದಲ್ಲಿ ತುಂಬಿ ತುಳುಕಿದ ಬಾವಿಯು ಚೈತ್ರಕ್ಕೆ ತಳ ಕಾಣುವುದು ಮಲೆನಾಡಿನಲ್ಲಿಯೂ ಉಂಟು. ಬಯಲುಸೀಮೆಯಲ್ಲಿ ಸಿಕ್ಕಿದ ನೀರೆಲ್ಲವೂ ಕುಡಿಯತಕ್ಕದ್ದಲ್ಲ. ಪಾವಗಡ, ಮುಂಡರಗಿಗಳ ಕಡೆ ಅಂತರ್ಜಲದಲ್ಲಿರುವ ಫ್ಲೋರೈಡು ಹಲ್ಲನ್ನೂ ಎಲುಬನ್ನೂ ಕೆಡಿಸುತ್ತದೆ.

ಊರಿನ ಮಾತು ಬೇರೆ, ಬೀದಿಯ ಮಾತು ಬೇರೆ. ಹುಬ್ಬಳ್ಳಿ–ಧಾರವಾಡದಲ್ಲಿ 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಕೊಡುವ ಪ್ರಯೋಗವು ಆರಂಭವಾಯಿತು. ನೆರೆಯ ಬಡಾವಣೆಗಳವರು ಮಾತ್ರ ಹಲವು ದಿನಕ್ಕೊಮ್ಮೆ ಬರುವ ನೀರಿಗಾಗಿ ಕಾಯುತ್ತಲೇ ಉಳಿದರು. ಆದುದರಿಂದ ನೀರಿನ ಮೂಲ ಯಾವ ನದಿ, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಏಪ್ರಿಲಿನಲ್ಲಿ ಬಾವಿಯ ಆಳವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಬೀದಿಬೀದಿಗೆ ಕೇಳಬೇಕು. ಪುರಸಭೆಯ ಕಚೇರಿಯಲ್ಲಿ ಕೇಳುವುದಕ್ಕಿಂತ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ತಾಯಿಯನ್ನು ಕೇಳಿದರೆ ಸರಿಯಾದ ಉತ್ತರ ಸಿಕ್ಕೀತು.

ವೈದ್ಯ ಮತ್ತು ದಾರಿ

ವೃದ್ಧಾಪ್ಯದಲ್ಲಿ ಅಕ್ಕಿ ಬೇಳೆಗಳ ಖರ್ಚು ಕಡಿಮೆಯಾಗುತ್ತ, ವೈದ್ಯದ ಖರ್ಚು ಏರುತ್ತ ಹೋಗುತ್ತದೆ. ಹಣಕ್ಕಿಂತ ಮಿಗಿಲಾದುದು ಹೊತ್ತು. ಎದೆನೋವು ಬಂದ ಮನುಷ್ಯನಿಗೆ ಮೊದಲ ಒಂದೆರಡು ಗಂಟೆಗಳಲ್ಲಿ ತಕ್ಕ ಚಿಕಿತ್ಸೆ ದೊರೆಯದಿದ್ದರೆ ಆಮೇಲೆ ದೊರೆತುದರಿಂದ ಪ್ರಯೋಜನ ಅಲ್ಪವೇ. ಈ ದೃಷ್ಟಿಯಿಂದ ಹಾಸನ, ಶಿವಮೊಗ್ಗ, ಹುಬ್ಬಳ್ಳಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಿರುವುದು ಆ ಸುತ್ತಿನವರ ಭಾಗ್ಯ. ಉಡುಪಿ, ಕುಂದಾಪುರಗಳವರಿಗೆ 1953ರಿಂದ ವೈದ್ಯ ವಿದ್ಯೆಯ ಕೇಂದ್ರವಾಗಿರುವ ಮಣಿಪಾಲವು ಹತ್ತಿರದಲ್ಲಿದೆ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಸಿರ್ಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು. ಉತ್ತರ ಕನ್ನಡ ಜಿಲ್ಲೆಯವರು ತಮ್ಮ ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ಚಳವಳಿ ನಡೆಸಿದುದು ಸುಮ್ಮನೆ ಅಲ್ಲ. ಅಪಘಾತವಾದವರನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗಳಿಗೆ ಒಯ್ಯುವಾಗ ದಾರಿಯಲ್ಲಿಯೇ ಪ್ರಾಣ ಹೋದ ಸಂಸಾರಗಳ ದುಃಖವು ಆ ಕೂಗಿನ ಹಿಂದೆ ಇದೆ.

ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವಾಗ ದಾರಿಯ ವಿಚಾರವೂ ಮುಖ್ಯವಾಗುತ್ತದೆ. ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂದಿತು. ಶ್ರವಣಬೆಳಗೊಳದ ಮೇಲೆ ಹಾಯುವ ಹೊಸ ಮಾರ್ಗವು 2017ರಲ್ಲಿ ತೆರೆದ ಮೇಲೆ ಹಾಸನವು ರಾಜಧಾನಿಗೆ ಬಹಳ ಸಮೀಪವಾಯಿತು. ಸಾಗರಕ್ಕೆ ರೈಲುಂಟು, ಸಿರ್ಸಿಗೆ ಇಲ್ಲ. 2023ರ ಜೂನ್ 11ರಿಂದ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವು ದೊರೆತುದರಿಂದ, ಮಗಳ ಮನೆಗೆ ಹೋಗಿಬರುವ ಗೃಹಿಣಿಯ ಖರ್ಚು ಎಷ್ಟೋ ಇಳಿದಿದೆ. ಸಣ್ಣ ಊರಿನ ಸಂಸಾರದ ಲೆಕ್ಕದಲ್ಲಿ ಇದು ಸಣ್ಣ ಬಾಬತ್ತೇನೂ ಅಲ್ಲ.

ಕಾಗದಪತ್ರ

ಕಚೇರಿಯಲ್ಲಿ ಇತರರ ಕಡತಗಳನ್ನು ಒಂದೊಂದು ಹಾಳೆಯಾಗಿ ಶೋಧಿಸಿದ ಅಧಿಕಾರಿಗಳೇ ತಮ್ಮ ಸ್ವಂತ ನಿವೇಶನದ ಪತ್ರಗಳನ್ನು ನೋಡದೆ ಸಹಿ ಹಾಕುವುದು ಆಶ್ಚರ್ಯದ ಸಂಗತಿ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ತಡೆಯನ್ನು 2020ರ ಭೂಸುಧಾರಣಾ ತಿದ್ದುಪಡಿಯು ತೆಗೆದುಹಾಕಿತು. ಇದರಿಂದ ಜಮೀನನ್ನು ಕೊಳ್ಳುವ ದಾರಿ ತೆರೆಯಿತೇ ಹೊರತು ಅದರಲ್ಲಿ ಬಡಾವಣೆ ಮಾಡುವ ಹಕ್ಕು ಬರಲಿಲ್ಲ. ಭೂಪರಿವರ್ತನೆಯ ಆಜ್ಞೆಯಿಲ್ಲದ ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ನಿವೇಶನವೆಂದು ಮಾರುವವರು ಪ್ರತಿಯೊಂದು ತಾಲ್ಲೂಕು ಕೇಂದ್ರದ ಅಂಚಿನಲ್ಲಿಯೂ ಇದ್ದಾರೆ. ಮೂಲಪತ್ರ, ಭೂಪರಿವರ್ತನೆಯ ಆಜ್ಞೆ, ಅನುಮೋದಿತ ನಕ್ಷೆ, ಖಾತೆ, ಋಣಭಾರ ಪತ್ರ ಈ ಐದನ್ನೂ ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿಯೇ ಮುಂದೆ ಹೆಜ್ಜೆಯಿಡಬೇಕು. 2025ರ ಆಗಸ್ಟ್ 31ರಿಂದ ನೋಂದಣಿಯ ಶುಲ್ಕವು ಶೇಕಡಾ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕವು ಇದಕ್ಕೆ ಬೇರೆ. ಕೊಂಡು, ಒಗ್ಗದೆ, ಮಾರಿ ಮತ್ತೆ ಬೇರೆಡೆ ಕೊಳ್ಳುವವನು ಈ ದಂಡವನ್ನು ಎರಡು ಸಲ ತೆರಬೇಕಾಗುತ್ತದೆ.

ಈ ಕಾರಣದಿಂದ, ಮೊದಲ ಒಂದು ವರ್ಷ ಬಾಡಿಗೆಯ ಮನೆಯಲ್ಲಿರುವುದೇ ಜಾಣತನ. ಸಣ್ಣ ಊರುಗಳಲ್ಲಿ ಭೋಗ್ಯಕ್ಕೆ ಮನೆ ಪಡೆಯುವ ರೂಢಿಯೂ ಇದೆ. ಆದರೆ ಕೊಟ್ಟ ಹಣವು ಅವಧಿ ಮುಗಿದಾಗ ಮರಳಬೇಕಾದರೆ ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಮೂರು ಋತುಗಳನ್ನೂ ಅಲ್ಲಿಯೇ ಕಳೆದ ಮೇಲೆ ದಂಪತಿಗಳಿಬ್ಬರೂ ಒಪ್ಪಿದರೆ ಮನೆ ಕಟ್ಟಲಿ. ಇಬ್ಬರೂ ಎಂದು ಬೇಕೆಂದೇ ಹೇಳಿದ್ದೇವೆ. ಯಜಮಾನನು ಹುಟ್ಟಿದೂರಿನ ಮಮತೆಯಿಂದ ಹಿಂದಿರುಗಿ ಹಳೆಯ ಗೆಳೆಯರೊಡನೆ ಕಟ್ಟೆಯ ಮೇಲೆ ಕೂರುವಾಗ, ನಲವತ್ತು ವರ್ಷ ನೆರೆಹೊರೆಯವರಾಗಿದ್ದವರನ್ನು ಬಿಟ್ಟುಬಂದ ಗೃಹಿಣಿಯು ಒಂಟಿಯಾಗುವಳು.

ಊರಿನ ಋಣ

ಹೊಸಬನು ಬಂದು ನೆಲೆಸುವುದರಿಂದ ಊರಿಗೆ ಲಾಭವುಂಟು, ನಷ್ಟವೂ ಉಂಟು. ನಗರದ ಹಣವು ನುಗ್ಗಿದಂತೆಲ್ಲ ನಿವೇಶನದ ಬೆಲೆಯು ಏರಿ, ಅದೇ ಊರಿನಲ್ಲಿ ಹುಟ್ಟಿದ ಉಪಾಧ್ಯಾಯನಿಗೋ ಅಂಗಡಿಯ ಗುಮಾಸ್ತನಿಗೋ ಒಂದು ಸೂರು ಕಟ್ಟಿಕೊಳ್ಳುವುದು ಅಸಾಧ್ಯವಾಗುತ್ತದೆ. ಮನೆ ಕಟ್ಟಿ ಬೀಗ ಹಾಕಿ ವರ್ಷಕ್ಕೆ ಹದಿನೈದು ದಿನ ಬಂದುಹೋಗುವವರಿಂದ ಊರಿಗೆ ಕಾಸಿನ ಪ್ರಯೋಜನವೂ ಇಲ್ಲ. ಬಾಗಿಲು ತೆರೆದು ಬಾಳುವವರ ವಿಷಯ ಬೇರೆ. ನಿವೃತ್ತ ಇಂಜಿನಿಯರು ಕೆರೆಯ ತೂಬಿನ ವಿಷಯದಲ್ಲಿ, ನಿವೃತ್ತ ಉಪಾಧ್ಯಾಯರು ವಾಚನಾಲಯದಲ್ಲಿ, ನಿವೃತ್ತ ಲೆಕ್ಕಾಧಿಕಾರಿಗಳು ಸಹಕಾರ ಸಂಘದಲ್ಲಿ ವಾರಕ್ಕೆರಡು ಹೊತ್ತು ದುಡಿದರೆ, ಊರು ಕೊಟ್ಟ ಆಶ್ರಯದ ಋಣವು ತೀರುತ್ತದೆ. ಸಣ್ಣ ಸ್ಥಳದಲ್ಲಿ ದೊಡ್ಡ ಕೆಲಸವಾಗದೆಂದು ಯಾರೂ ಹೇಳಬೇಕಾಗಿಲ್ಲ. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಸಾಗರದ ಬಳಿಯ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು.

ಸರ್ಕಾರದ ಹೊಣೆಯನ್ನೂ ಇಲ್ಲಿ ಹೇಳದಿರಲಾಗದು. ಶರಾವತಿಯ ನೀರನ್ನು ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಒಯ್ಯುವ ಆಲೋಚನೆಯು 2019ರಲ್ಲಿ ಹೊರಬಿದ್ದಾಗ ಶಿವಮೊಗ್ಗ ಜಿಲ್ಲೆಯ ಜನರು ಬಂದ್ ಆಚರಿಸಿ ಅದನ್ನು ವಿರೋಧಿಸಿದರು. ದೂರದ ಹೊಳೆಗಳನ್ನು ರಾಜಧಾನಿಗೆ ಎಳೆದು ತರುವ ವೆಚ್ಚದಲ್ಲಿ ಒಂದಂಶವನ್ನು ತಾಲ್ಲೂಕು ಕೇಂದ್ರಗಳ ನಲ್ಲಿಗೂ ಆಸ್ಪತ್ರೆಗೂ ವಿನಿಯೋಗಿಸಿದರೆ, ಜನರು ತಾವಾಗಿಯೇ ಹೊಳೆಯ ಕಡೆಗೆ ಬರುವರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದುದು ಒಂದೇ ಪಟ್ಟಣವು ಉಬ್ಬಿ ಉಳಿದವು ಸೊರಗಲೆಂದಲ್ಲ.

ಕೊನೆಗೆ, ಯಾವ ಊರು ಎಂದು ಕೇಳುವ ವಾಚಕರಿಗೆ ನಮ್ಮ ಉತ್ತರವಿದು. ಕಾಯಿಲೆಯಿದ್ದವರು ದೊಡ್ಡ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿಯಲ್ಲಿ, ಹಾಸನ, ಶಿವಮೊಗ್ಗ, ಧಾರವಾಡಗಳಲ್ಲಿ ಅಥವಾ ಅವುಗಳ ಸುತ್ತಿನಲ್ಲಿ ನೆಲೆಸಲಿ. ದೇಹದಲ್ಲಿ ಬಲವುಳ್ಳವರೂ ಮಳೆಗೆ ಅಂಜದವರೂ ಸಾಗರ, ಸಿರ್ಸಿಗಳನ್ನು ನೋಡಲಿ. ಎಪ್ಪತ್ತೈದರ ಮೇಲೆ ಏನು ಮಾಡಬೇಕೆಂಬುದನ್ನೂ ಈಗಲೇ ಯೋಚಿಸಿಡಲಿ. ಕರಾವಳಿಯವರು ಮಣಿಪಾಲದ ಆಸರೆಯಲ್ಲಿ ತಮ್ಮ ಕಡಲ ತೀರಕ್ಕೇ ಹಿಂದಿರುಗಲಿ. ಎಲ್ಲಿಗೇ ಹೋಗಲಿ, ಬಂದವನೂ ಆ ಊರಿನ ನೀರಿನಲ್ಲಿ ಪಾಲುಗಾರನಾಗುತ್ತಾನೆ. ಆ ನೀರನ್ನು ಉಳಿಸುವ ಕೆಲಸದಲ್ಲಿಯೂ ಅವನು ಪಾಲುಗಾರನಾಗತಕ್ಕದ್ದು.