ಸೆಲ್ಫಿಗೆ ಡಿಜಿಟಲ್ ಕ್ಯಾಮೆರಾ ತಗೊಳ್ತೀರಾ? ಮೊದಲು ಕೈ ಚಾಚಿ ಅಳತೆ ನೋಡ್ರಿ

ರಾಯಚೂರು: ಅಲ್ಮಾರಿ ಮೂಲೆಯಲ್ಲಿ ಬಿದ್ದಿದ್ದ ಹಳೆ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಕಾಲ ಬಂದಿದೆ. ಫ್ಲ್ಯಾಶ್ ಹೊಡೆದ, ಮೂಲೆಯಲ್ಲಿ ತಾರೀಖು ಬಿದ್ದ ಫೋಟೊಗಳನ್ನು ಇನ್‌ಸ್ಟಾಗ್ರಾಂನಲ್ಲಿ ನೋಡಿದ ಕಾಲೇಜು ಹುಡುಗ ಹುಡುಗಿಯರು ‘ನಮಗೂ ಒಂದು ಬೇಕು’ ಅಂತಿದ್ದಾರೆ. ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ ‘48 ಮೆಗಾಪಿಕ್ಸೆಲ್, 4ಕೆ’ ಅಂತ ಬರೆದ ಹೊಸ ಕ್ಯಾಮೆರಾಗಳೂ ಕಾಣ್ತವೆ. ರೊಕ್ಕ ಹೋಗೋದು ಹೆಚ್ಚಾಗಿ ಅಲ್ಲೇ.

ಹೆಸರೇ ಕೇಳದ ಕಂಪನಿಯ ಇಂಥ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಒಳಗಿರೋ ಸೆನ್ಸಾರ್ ಚಿಕ್ಕದು, ಅದರ ನಿಜವಾದ ಮೆಗಾಪಿಕ್ಸೆಲ್ ಪೆಟ್ಟಿಗೆ ಮೇಲೆ ಬರೆದಿದ್ದಕ್ಕಿಂತ ಬಹಳ ಕಡಿಮೆ. ತೆಗೆದ ಫೋಟೊವನ್ನು ಸಾಫ್ಟ್‌ವೇರ್ ಹಿಗ್ಗಿಸಿ 48 ಮಾಡುತ್ತೆ. ಹಿಟ್ಟಿಗೆ ನೀರು ಹೆಚ್ಚು ಹಾಕಿದಂಗೆ, ಪಾತ್ರೆ ತುಂಬುತ್ತೆ ಅಷ್ಟೇ. ‘16 ಪಟ್ಟು ಜೂಮ್’ ಅಂತ ಬರೆದಿರ್ತಾರೆ, ಅದು ಡಿಜಿಟಲ್ ಜೂಮ್, ಅಂದ್ರೆ ಫೋಟೊ ಕತ್ತರಿಸಿ ದೊಡ್ಡದು ಮಾಡೋದು. ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಂಥ ಆಪ್ಟಿಕಲ್ ಜೂಮ್ ಇದ್ದರೆ ಮಾತ್ರ ಜೂಮ್ ಅನ್ನಬೇಕು. ಅಷ್ಟಕ್ಕೂ 48 ಯಾರಿಗೆ ಬೇಕು? ಇನ್‌ಸ್ಟಾಗ್ರಾಂ ಫೋಟೊವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸುತ್ತೆ. ಸ್ಟುಡಿಯೋದಲ್ಲಿ 4x6 ಅಳತೆಯ ಪ್ರಿಂಟ್ ಹಾಕಿಸಿದರೂ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು.

ಸೆಲ್ಫಿಗೆ ನೋಡಬೇಕಾದ ಸಂಖ್ಯೆ ಬೇರೆ. ಲೆನ್ಸ್ ಸುತ್ತ ಅಥವಾ ಪೆಟ್ಟಿಗೆ ಮೇಲೆ ‘24 ಮಿ.ಮೀ’, ‘28 ಮಿ.ಮೀ’ ಅಂತ ಲೆಕ್ಕ ಇರುತ್ತೆ. (ಲೆನ್ಸ್ ಮೇಲೆ 4, 5ರಂಥ ಸಣ್ಣ ಸಂಖ್ಯೆ ಇದ್ದರೆ ಅದು ಬೇರೆ ಲೆಕ್ಕ, ‘35 ಮಿ.ಮೀ ಸಮಾನ’ ಅಂತ ಕೊಟ್ಟಿದ್ದನ್ನು ಕೇಳಿ ತಿಳ್ಕೊಳ್ಳಿ.) ಈ ಸಂಖ್ಯೆ ಕಡಿಮೆ ಇದ್ದಷ್ಟೂ ಚೌಕಟ್ಟಿಗೆ ಹೆಚ್ಚು ಮಂದಿ ಹಿಡಿಸ್ತಾರೆ. ಕೈ ಚಾಚಿದರೆ ಮುಖದಿಂದ ಕ್ಯಾಮೆರಾಗೆ ಸುಮಾರು 60 ಸೆಂ.ಮೀ. ಅಷ್ಟು ದೂರದಲ್ಲಿ 35 ಮಿ.ಮೀ ಲೆನ್ಸ್‌ಗೆ ಕಾಣೋದು ಸುಮಾರು 60 ಸೆಂ.ಮೀ ಅಗಲ, 28ಕ್ಕೆ 75, 24ಕ್ಕೆ 85. ಇಬ್ಬರು ಭುಜಕ್ಕೆ ಭುಜ ಹಚ್ಚಿ ನಿಂತರೆ 80-90 ಸೆಂ.ಮೀ ಆಗುತ್ತೆ. 2000ರ ದಶಕದ ಆರಂಭದ ಹಳೆ ಕ್ಯಾಮೆರಾಗಳಲ್ಲಿ ಬಹುಪಾಲು 35ರಿಂದಲೇ ಶುರು. ಅದರಲ್ಲಿ ಒಬ್ಬರ ಮುಖ ಬರುತ್ತೆ, ಗೆಳೆಯನ ಅರ್ಧ ಕಿವಿ ಬರುತ್ತೆ.

ರಾಯಚೂರು ಬಸ್ ಸ್ಟ್ಯಾಂಡ್ ಬಾಜೂಕಿನ ಕೋಟೆಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. 1294ರ ಶಾಸನ ಇರೋ ಕಲ್ಲು ಸುಮಾರು 41 ಅಡಿ ಉದ್ದ. 28 ಮಿ.ಮೀ ಲೆನ್ಸ್‌ನಲ್ಲಿ ಇಡೀ ಕಲ್ಲು ಬರಬೇಕಂದ್ರೆ ಸುಮಾರು 10 ಮೀಟರ್ ಹಿಂದಕ್ಕೆ ಸರಿಯಬೇಕು. ಅಂಥ ಕಡೆ ಕೈ ಚಾಚಿದ ಸೆಲ್ಫಿ ಕೆಲಸಕ್ಕೆ ಬರಲ್ಲ. ಕ್ಯಾಮೆರಾ ಎಲ್ಲಾದರೂ ಗಟ್ಟಿ ಜಾಗದಲ್ಲಿ ಇಟ್ಟು 10 ಸೆಕೆಂಡ್ ಟೈಮರ್ ಹಾಕಿ ಓಡಿ ಬಂದು ನಿಲ್ಲೋದೇ ಸರಿ. ಈ ಸೌಲಭ್ಯ ಹಳೆ ಕ್ಯಾಮೆರಾಗಳಲ್ಲೂ ಇದೆ, ಉಪಯೋಗಿಸೋರು ಕಡಿಮೆ.

ಮುಂದಕ್ಕೆ ತಿರುಗೋ ಸ್ಕ್ರೀನ್ ಬೇಕು ಅನ್ನೋರಿಗೆ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3, ಸೋನಿ ಝಡ್‌ವಿ-1 ತರದವು ಇವೆ. ಎರಡೂ 24 ಮಿ.ಮೀನಿಂದ ಶುರು, ಎರಡರಲ್ಲೂ 1 ಇಂಚಿನ ಸೆನ್ಸಾರ್. ಸಾಮಾನ್ಯ ಚಿಕ್ಕ ಕ್ಯಾಮೆರಾಕ್ಕಿಂತ ನಾಲ್ಕು ಪಟ್ಟು ವಿಸ್ತೀರ್ಣ, ಹಾಗಾಗಿ ರಾತ್ರಿ ಫೋಟೊ ಚಂದ. ಆದರೆ ಹೊಸದು ಅರ್ಧ ಲಕ್ಷ ದಾಟುತ್ತೆ. ಝಡ್‌ವಿ-1ಕ್ಕೆ ಒಳಗೆ ಫ್ಲ್ಯಾಶ್ ಇಲ್ಲ ಅನ್ನೋದನ್ನು ಬಹಳ ಮಂದಿ ತಗೊಂಡ ಮೇಲೆ ನೋಡ್ತಾರೆ. ಫ್ಲ್ಯಾಶ್ ಫೋಟೊ ಆಸೆಗೇ ಕ್ಯಾಮೆರಾ ತಗೊಳ್ಳೋರಿಗೆ ಅದು ಬ್ಯಾಡ.

ಫ್ಲ್ಯಾಶ್ ವಿಷಯದಲ್ಲಿ ಮಾತ್ರ ಚಿಕ್ಕ ಕ್ಯಾಮೆರಾ ಫೋನನ್ನು ಈಗಲೂ ಸೋಲಿಸುತ್ತೆ. ಫೋನಿನ ಎಲ್‌ಇಡಿ ದೀಪ ಮಂಕು. ಕ್ಯಾಮೆರಾದ ಕ್ಸೆನಾನ್ ಫ್ಲ್ಯಾಶ್ ಒಂದು ಕ್ಷಣ ಜೋರಾಗಿ ಹೊಡೆಯುತ್ತೆ, ಮೆರವಣಿಗೆಯಲ್ಲಿ ಕುಣಿಯೋರ ಕೈಕಾಲು ಗಾಳಿಯಲ್ಲೇ ನಿಂತಂಗೆ ಬರ್ತಾವೆ. ಅದರ ಬೆಳಕು ಮೂರ್ನಾಲ್ಕು ಮೀಟರ್ ದಾಟಲ್ಲ. ಜಾತ್ರೆ ತೇರಿಗೆ ದೂರದಿಂದ ಫ್ಲ್ಯಾಶ್ ಹೊಡೆದರೆ ಮುಂದಿನವರ ತಲೆ ಮಾತ್ರ ಬೆಳ್ಳಗೆ. ಹಗಲಿನ ಫೋಟೊ ಲೆಕ್ಕಕ್ಕಾದರೆ ಕೈಯಲ್ಲಿರೋ ಫೋನೇ ಸಾಕು. ಈಗಿನ ಬಹಳಷ್ಟು ಫೋನುಗಳ ಮುಖ್ಯ ಸೆನ್ಸಾರ್ ಕಡಿಮೆ ಬೆಲೆಯ ಚಿಕ್ಕ ಕ್ಯಾಮೆರಾದ್ದಕ್ಕಿಂತ ದೊಡ್ಡದಿದೆ.

ಹಳೆಯದನ್ನು ಕೊಳ್ಳೋದಾದರೆ ಕೈಗೆ ತಗೊಂಡು ನೋಡದೆ ರೊಕ್ಕ ಕೊಡಬಾರದು. ಹತ್ತು ಸಲ ಆನ್-ಆಫ್ ಮಾಡಿ, ಜೂಮ್ ಪೂರ್ತಿ ಮುಂದೆ ಹಿಂದೆ ಓಡಿಸಬೇಕು. ಕರಕರ ಸದ್ದು ಬಂದರೆ, ‘ಲೆನ್ಸ್ ಎರರ್’ ಅಂತ ಒಂದೇ ಸಲ ತೋರಿಸಿದರೂ ಬಿಟ್ಟು ಬರೋದೇ ಲೇಸು. ನಮ್ಮ ಕಡೆ ಇದು ಹೆಚ್ಚು. ಮಾನ್ವಿ ಕಡೆ ಭತ್ತದ ಕೊಯ್ಲಿನ ದಿನಗಳ ಧೂಳು, ದೇವದುರ್ಗ ಕಡೆ ಹೊಳೆ ದಂಡೆಯ ಉಸುಕು, ಒಂದು ಕಣ ಜೂಮ್ ಸಂದಿಯಲ್ಲಿ ಕೂತರೂ ಲೆನ್ಸ್ ಅರ್ಧಕ್ಕೆ ನಿಲ್ಲುತ್ತೆ. ರಿಪೇರಿ ಖರ್ಚು ಎಷ್ಟೋ ಸಲ ಕ್ಯಾಮೆರಾ ಬೆಲೆಯನ್ನೇ ಮೀರುತ್ತೆ. ಬಿಳಿ ಗೋಡೆಯದೊಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ: ಕರಿ ಚುಕ್ಕೆ ಕಂಡರೆ ಒಳಗೆ ಆಗಲೇ ಧೂಳು ಹೋಗಿದೆ. ಬ್ಯಾಟರಿ ಉಬ್ಬಿದೆಯಾ, ಅದರ ಮುಚ್ಚಳ ಗಟ್ಟಿ ಕೂಡುತ್ತಾ ಅಂತಾನೂ ನೋಡಬೇಕು. ಬಿಸಿಲಿಗೆ ಹೊರಗೆ ತಂದು ಸ್ಕ್ರೀನ್ ನೋಡೋದನ್ನೂ ಮರೀಬ್ಯಾಡ್ರಿ. ಅಂಗಡಿ ನೆರಳಲ್ಲಿ ಝಗಮಗ ಅನ್ನೋ ಸ್ಕ್ರೀನ್ ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕರಿ ಹಲಗೆ ಆಗಿರುತ್ತೆ.

ಕಾರ್ಡಿನದ್ದು ಇನ್ನೊಂದು ತಕರಾರು. ಸೋನಿಯ ಹಳೆ ಕ್ಯಾಮೆರಾಗಳಿಗೆ ಮೆಮೊರಿ ಸ್ಟಿಕ್, ಒಲಿಂಪಸ್‌ನ ಹಳೆಯವಕ್ಕೆ ಎಕ್ಸ್‌ಡಿ ಕಾರ್ಡ್ ಬೇಕು, ಇವು ಈಗ ಸುಲಭಕ್ಕೆ ಸಿಗಲ್ಲ. ಎಸ್‌ಡಿ ಕಾರ್ಡ್ ಹಿಡಿಸೋ ಕ್ಯಾಮೆರಾ ಆದರೂ 2006ಕ್ಕಿಂತ ಹಿಂದಿನದಾದರೆ ಸಾಮಾನ್ಯವಾಗಿ 2 ಜಿಬಿ ಮೇಲಿನದನ್ನು ಓದಲ್ಲ. ನೋಡೋಕೆ ಹೋಗುವಾಗ ಕಾರ್ಡ್ ಒಯ್ದು ಅಲ್ಲೇ ಹಾಕಿ ನೋಡೋದು ಒಳ್ಳೆಯದು. ಫೋಟೊ ಫೋನಿಗೆ ಇಳಿಸೋಕೆ ಓಟಿಜಿ ಕಾರ್ಡ್ ರೀಡರ್ ಸಾಕು.

ಹೊಸದು ತಗೊಂಡರೆ ಜಿಎಸ್‌ಟಿ ಬಿಲ್ ಕೇಳಿ ಪಡೀರಿ. ಆನ್‌ಲೈನ್ ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಂಡರೆ ಮುಂದೆ ವಾದಕ್ಕೆ ಆಧಾರ. ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿ, ಮಾರಿದವರು ವಾಪಸ್ ತಗೊಳ್ಳದಿದ್ದರೆ 1915ಕ್ಕೆ ಕರೆ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕ ಇಲ್ಲ. ದೂರು ಕೊಡೋಕೆ ಕೊಂಡ ಊರು ಬೇರೆ ಆಗಿದ್ದರೂ ನಡೆಯುತ್ತೆ. ಗ್ರಾಹಕರು ವಾಸ ಇರೋ ಜಿಲ್ಲೆಯಲ್ಲೇ ಕೊಡಬಹುದು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತೆ. ಅಂದರೆ ದೆಹಲಿಯ ಮಾರಾಟಗಾರನ ಮೇಲೆ ದೇವದುರ್ಗದವರು, ಮಾನ್ವಿಯವರು ರಾಯಚೂರಿನಲ್ಲೇ ದೂರು ಹಾಕಬಹುದು.